ಬರೆದ ಯಂತ್ರ, ಓದುವ ಯಂತ್ರ

ಒಬ್ಬನು ಬರೆದ ಅಕ್ಷರ ಇನ್ನೊಬ್ಬನಿಗೆ ತಿಳಿಯದೆ ಹೋಗುವುದು ಹೊಸ ಸಂಕಟವೇನೂ ಅಲ್ಲ. ಹಳಗನ್ನಡದ ‘ೞ’ಕಾರದ ಗುರುತು ಮರೆತ ಲಿಪಿಕಾರರು ಅದನ್ನು ‘ಳ’ ಎಂದು ಬರೆದರು. ‘ಱ’ಕಾರ ‘ರ’ಕಾರದಲ್ಲಿ ಕರಗಿಹೋಯಿತು. ಓಲೆಯಿಂದ ಓಲೆಗೆ ನಡೆದ ಈ ವ್ಯತ್ಯಾಸವೇ ನಮ್ಮ ಕಾಲದಲ್ಲಿ ಗಣಕಯಂತ್ರದಿಂದ ಗಣಕಯಂತ್ರಕ್ಕೆ ನಡೆಯಿತು. ಅದರ ಚರಿತ್ರೆಯನ್ನು ಕನ್ನಡಿಗರು ತಿಳಿದಿರುವುದು ಒಳ್ಳೆಯದು.

ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಹಿಂಬಾಲಿಸಿತು. ಎರಡೂ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳಿಗೆ ಸಲ್ಲಬೇಕಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಹಿರಿಯರೊಬ್ಬರು ತಮ್ಮ ಊರಿನ ಚರಿತ್ರೆಯನ್ನು ಹೀಗೆ ಬೆರಳಚ್ಚು ಮಾಡಿಸಿ ಬೆಂಗಳೂರಿಗೆ ಕಳುಹಿಸಿದರೆನ್ನಿ. ಅಲ್ಲಿನ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಕಾಣುವುದು ಚರಿತ್ರೆಯಲ್ಲ, ಅರ್ಥವಿಲ್ಲದ ರೋಮನ್ ಗೀಚು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಆದರೆ ಸ್ಥಾನ ಸಿಕ್ಕಿದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಕ’ಕಾರ, ವಿರಾಮಚಿಹ್ನೆ, ‘ಷ’ಕಾರ ಇವು ಮೂರನ್ನೂ ಬೆಸೆದು ‘ಕ್ಷ’ ಮಾಡುವ ತಂತ್ರಾಂಶದ ಘಟಕವೊಂದು ಬೇಕು. ವಿಂಡೋಸಿನಲ್ಲಿ ಅದರ ಹೆಸರು ಯೂನಿಸ್ಕ್ರೈಬ್. ವಿಂಡೋಸ್ 2000ರೊಡನೆ ಬಂದ ಯೂನಿಸ್ಕ್ರೈಬ್ ದೇವನಾಗರಿಯನ್ನೂ ತಮಿಳನ್ನೂ ಬಲ್ಲುದಾಗಿತ್ತು. ಕನ್ನಡವನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಹೀಗಾಗಿ ಎಕ್ಸ್‌ಪಿ ಯಂತ್ರದಲ್ಲಿ ಸೊಗಸಾಗಿ ಕಂಡ ಬರಹ ಹಳೆಯ ಯಂತ್ರದಲ್ಲಿ ಒತ್ತಕ್ಷರಗಳು ಕಳಚಿ ನಿಲ್ಲುತ್ತಿತ್ತು. ತಪ್ಪು ಬರೆದವನದೂ ಅಲ್ಲ, ಓದುವವನದೂ ಅಲ್ಲ. ನಡುವೆ ನಿಂತ ಘಟಕದ ವಯಸ್ಸಿನದು. ತಂತ್ರಾಂಶ ರಚಿಸುವವರು ಅನುಭವದಿಂದ ಕಂಡುಕೊಂಡ ಉಪಾಯಗಳು ಮೂರು: ಬೇಕಾದ ಘಟಕವನ್ನು ಜೊತೆಯಲ್ಲೇ ಕಳುಹಿಸುವುದು, ಯಾವ ಆವೃತ್ತಿ ಬೇಕೆಂದು ಮೊದಲೇ ಸಾರುವುದು, ತಮ್ಮ ಹೊಸ ಯಂತ್ರವನ್ನು ನಂಬದೆ ಬಳಸುವವರ ಹಳೆಯ ಯಂತ್ರದಲ್ಲಿಯೇ ಪರೀಕ್ಷಿಸುವುದು.

ಪಂಪನನ್ನು ಪಾಠ ಹೇಳುವ ನನ್ನಂಥವನಿಗೆ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ತೋರುತ್ತದೆ. ಯೂನಿಕೋಡಿನಲ್ಲಿ ನಮ್ಮ ‘ೞ’ಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರೂ ಒಪ್ಪಿದ್ದರೂ ಅದನ್ನು ತಿದ್ದಲಿಲ್ಲ. ಸರಿಯಾದ ಹೆಸರನ್ನು ಪರ್ಯಾಯವೆಂದು ಪಕ್ಕದಲ್ಲಿ ಇಟ್ಟರು. ಒಂದು ಆವೃತ್ತಿಯಲ್ಲಿ ಕೊಟ್ಟ ಹೆಸರನ್ನು ಮುಂದಿನದರಲ್ಲಿ ಬದಲಿಸಿದರೆ ಹಳೆಯದನ್ನು ನೆಚ್ಚಿದ ತಂತ್ರಾಂಶಗಳು ಮುರಿದುಬೀಳಬಹುದೆಂಬ ವಿವೇಕ ಇದರ ಹಿಂದಿದೆ. ಹೆಸರು ತಪ್ಪಿದರೂ ಸಂಖ್ಯೆ ಸ್ಥಿರವಾಗಿದೆ, ಅಕ್ಷರ ಉಳಿದಿದೆ.

ಹಳೆಯ ಫಾಂಟುಗಳಲ್ಲಿ ಬರೆದ ಪ್ರಬಂಧಗಳು, ಊರ ಚರಿತ್ರೆಗಳು ಈಗಲೂ ಎಷ್ಟೋ ಮನೆಗಳಲ್ಲಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಯಂತ್ರವನ್ನೇ ನಂಬಿ ಕುಳಿತರೆ ಸಾಲದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಅನಂತರ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ‘ಸೂರ್ಯ’ ಎಂಬ ಮಾತು ಅಲ್ಲಿಂದ ಇಲ್ಲಿಗೆ ಸರಿಯಾಗಿ ದಾಟಿತೇ ಎಂದು ನೋಡಲು ಕನ್ನಡ ಬಲ್ಲ ಒಂದು ಜೊತೆ ಕಣ್ಣು ಬೇಕು. ಬರೆದವರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಮುಗಿಯಬೇಕು. ಆಮೇಲೆ ಸಂದೇಹ ಬಂದರೆ ಕೇಳುವುದು ಯಾರನ್ನು?