ಗಾಂಜಾ ಗಿಡ ಮನೆಯೊಳಗೆ ಹೋಗಿದ್ದು ಯಾಕೆ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ವಿಮಾನ ನಿಲ್ದಾಣದಲ್ಲಿ "ಹೈಡ್ರೋ ಗಾಂಜಾ" ಸಿಕ್ತು, ಅಪಾರ್ಟ್‌ಮೆಂಟ್ ಒಂದರಲ್ಲಿ ಲೈಟು ಹಾಕಿ ಕುಂಡದಲ್ಲಿ ಬೆಳೀತಿದ್ರು ಅಂತ ಆಗಾಗ ಸುದ್ದಿ ಬರುತ್ತೆ. ನಮ್ಮ ಬಿಸಿಲು, ನಮ್ಮ ಮಳೆಗೆ ಆಳೆತ್ತರಕ್ಕಿಂತ ಮೇಲೆ ಬೆಳೆಯೋ ಗಿಡವನ್ನ ಕೋಣೆಯೊಳಗೆ ಕರೆಂಟಿನ ಬೆಳಕಲ್ಲಿ ಬೆಳೆಸೋ ಪರಿಸ್ಥಿತಿ ಯಾಕೆ ಬಂತು? ಈ ಪ್ರಶ್ನೆ ಹಿಡಿದು ಹೋದ್ರೆ, ಕಾನೂನು ಯಾರ ಬೆನ್ನ ಮೇಲೆ ಬೀಳುತ್ತೆ, ಯಾರನ್ನ ಬಿಟ್ಟು ಹೋಗುತ್ತೆ ಅನ್ನೋ ಚರಿತ್ರೆ ಸಿಗುತ್ತೆ. ಮೊದಲೇ ಹೇಳಿಬಿಡ್ತೀನಿ: ಯಾರೂ ಸೇದಿ ಅಂತ ನಾನು ಹೇಳ್ತಿಲ್ಲ. ಸಾರಾಯಿ ನಮ್ಮ ಕೇರಿಗಳಿಗೆ ಏನು ಮಾಡಿದೆ ಅನ್ನೋದನ್ನ ಕಣ್ಣಾರೆ ಕಂಡವನು ನಾನು. ಇಲ್ಲಿ ಮಾತಾಡ್ತಿರೋದು ನ್ಯಾಯದ ಬಗ್ಗೆ.

ಹೆಸರಿನಿಂದಲೇ ಶುರು ಮಾಡೋಣ. 1753ರಲ್ಲಿ ಲಿನೇಯಸ್ ಯುರೋಪಿನ ನಾರಿನ ಗಿಡಕ್ಕೆ "ಕ್ಯಾನಬಿಸ್ ಸಟೈವಾ" ಅಂತ ಹೆಸರಿಟ್ಟ. 1785ರಲ್ಲಿ ಲಾಮಾರ್ಕ್ ಭಾರತದಿಂದ ಹೋದ ಗಿಡ ನೋಡಿ "ಇಂಡಿಕಾ" ಅಂದ. ಆದರೆ ಇವತ್ತಿನ ಬೀಜದ ವ್ಯಾಪಾರದಲ್ಲಿ ಕಿರಿದಾದ ಎಲೆಯ, ಎತ್ತರದ ಉಷ್ಣವಲಯದ ಗಿಡಕ್ಕೇ "ಸಟೈವಾ" ಅಂತಾರೆ. ಅಫ್ಘಾನಿಸ್ತಾನದ ಕಡೆಯ ಗಿಡ್ಡ ಗಿಡಕ್ಕೆ "ಇಂಡಿಕಾ" ಅಂತಾರೆ. ಅಂದ್ರೆ ಭಾರತದ ಗಿಡದಿಂದ ಭಾರತದ ಹೆಸರನ್ನೂ ಕಿತ್ತು ಬೇರೆಯದಕ್ಕೆ ಅಂಟಿಸಿದ್ದಾಯ್ತು.

ಬ್ರಿಟಿಷರ ಕಾಲದಲ್ಲಿ ಈ ಬೆಳೆ ಸರ್ಕಾರಕ್ಕೆ ಆದಾಯ. ಈಗ ಬಾಂಗ್ಲಾದೇಶದಲ್ಲಿರುವ ನವಗಾಂವ್ ಸುತ್ತ ಲೈಸೆನ್ಸ್ ಪಡೆದ ರೈತರು ಗಾಂಜಾ ಬೆಳೀತಿದ್ರು. ಹೊಲದಲ್ಲಿ ಗಂಡು ಗಿಡ ಗುರುತಿಸಿ ಕಿತ್ತು ಹಾಕೋಕೆ "ಪೊದ್ದಾರ್" ಅನ್ನೋ ನುರಿತ ಕೆಲಸಗಾರ ಇರ್ತಿದ್ದ. ಗಂಡು ಗಿಡ ಹೋದ್ರೆ ಬೀಜ ಕಟ್ಟಲ್ಲ, ಹೂವಿನಲ್ಲಿ ಅಂಟು ಹೆಚ್ಚುತ್ತೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು "ಸಿನ್ಸೆಮಿಲ್ಲಾ" ಅಂತ ದೊಡ್ಡದಾಗಿ ಹೇಳಿಕೊಂಡಿದ್ದು ಇದೇ ಕೆಲಸವನ್ನ. ಬಂಗಾಳದ ಹೊಲದ ಕೂಲಿಗೆ ಅದು ನೂರು ವರ್ಷ ಮೊದಲೇ ಗೊತ್ತಿತ್ತು. ಕೈ ಕೆಸರಾದವರ ಜ್ಞಾನಕ್ಕೆ ನಮ್ಮಲ್ಲಿ ಯಾವತ್ತು ಹೆಸರು ಸಿಕ್ಕಿದೆ ಹೇಳಿ?

1893ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸ್ತು. 1,193 ಸಾಕ್ಷಿಗಳನ್ನ ವಿಚಾರಿಸಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳೋ ಹಾನಿ ಇಲ್ಲ, ಅತಿಯಾದ್ರೆ ಇದೆ, ಪೂರ್ತಿ ನಿಷೇಧ ಬೇಕಿಲ್ಲ ಅಂತ ವರದಿ ಕೊಡ್ತು. ತೆರಿಗೆಯ ಆಸೆ ಅದರ ಹಿಂದೆ ಇತ್ತು, ಅದನ್ನ ಮರೆಯಬಾರದು.

ಇದಕ್ಕೂ ಮೊದಲೇ ಗಿಡ ಸಮುದ್ರ ದಾಟಿತ್ತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯ್ತು. 1845ರಿಂದ ಜಮೈಕಾಗೆ ಸುಮಾರು 36 ಸಾವಿರ ಭಾರತೀಯರನ್ನ "ಗಿರ್ಮಿಟ್" ಮೇಲೆ ಹಡಗು ಹತ್ತಿಸಿದ್ರು. ಹುಬ್ಬಳ್ಳಿ ಕಡೆಯವರು ತಿನ್ನೋ ಗಿರ್ಮಿಟ್ ಅಲ್ಲ ಇದು, ಅಗ್ರಿಮೆಂಟ್ ಅನ್ನೋ ಪದ ಕೂಲಿಗಳ ಬಾಯಲ್ಲಿ ಹಾಗಾಗಿತ್ತು. ಆ ಕೂಲಿಗಳಲ್ಲಿ ನಮ್ಮಂಥ ಕೆಳಜಾತಿಯವರೂ ಇದ್ದರು. ಜಮೈಕಾದ ಕಪ್ಪು ಜನ ಇವತ್ತಿಗೂ ಈ ಗಿಡವನ್ನ "ಗಾಂಜಾ" ಅಂತಲೇ ಕರೀತಾರೆ, ಆ ಪದ ಹೋಗಿದ್ದು ಆ ಹಡಗುಗಳಲ್ಲಿ. 1913ರಲ್ಲಿ ಅಲ್ಲಿ ನಿಷೇಧದ ಕಾನೂನು ಬಂತು. ಜೈಲಿಗೆ ಹೋದವರು ಕೂಲಿಗಳು, ಆಮೇಲೆ ರಾಸ್ತಫಾರಿಗಳು. 2 ಔನ್ಸ್‌ವರೆಗೆ ಇಟ್ಟುಕೊಂಡವರನ್ನ ಅಪರಾಧಿ ಅನ್ನಲ್ಲ, ಮನೆಗೆ 5 ಗಿಡ ಬೆಳೀಬಹುದು ಅಂತ ಆಗೋಕೆ 2015ರವರೆಗೆ ಕಾಯಬೇಕಾಯ್ತು.

ಈಗ ಮನೆಯೊಳಗಿನ ಕಥೆಗೆ ಬರೋಣ. ಅಮೆರಿಕದಲ್ಲಿ 1937ರಿಂದಲೇ ಕಾನೂನಿನ ಕಾಟ ಇತ್ತು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ "ಕ್ಯಾಂಪ್" ಅನ್ನೋ ಕಾರ್ಯಾಚರಣೆ ಶುರುವಾಗಿ ಹೆಲಿಕಾಪ್ಟರಿಂದ ಬೆಟ್ಟಗಳಲ್ಲಿ ಗಿಡ ಹುಡುಕೋಕೆ ನಿಂತ್ರು. ಆಗ ಬೆಳೆಯೋರು ಗ್ಯಾರೇಜು, ನೆಲಮಾಳಿಗೆ ಸೇರಿದ್ರು. ರಸ್ತೆ ದೀಪಕ್ಕೆ ಹಾಕೋ ಸೋಡಿಯಂ ಲೈಟು ಸೂರ್ಯನಾಯ್ತು. 1989ರಲ್ಲಿ "ಗ್ರೀನ್ ಮರ್ಚೆಂಟ್" ಅಂತ ಹೆಸರಿಟ್ಟು ಲೈಟು, ಗೊಬ್ಬರ ಮಾರೋ ಅಂಗಡಿಗಳ ಮೇಲೂ ದಾಳಿ ಮಾಡಿದ್ರು. ಗಿಡ ಇನ್ನೂ ಒಳಗೆ ಹೋಯ್ತು.

ಆದರೆ ಉಷ್ಣವಲಯದ ಸಟೈವಾ ಕೋಣೆಗೆ ಬಗ್ಗೋ ಜಾತಿ ಅಲ್ಲ. ದಕ್ಷಿಣ ಕರ್ನಾಟಕದಲ್ಲಿ ಬೇಸಿಗೆಯ ಹಗಲು 13 ಗಂಟೆ, ಚಳಿಗಾಲದ ಹಗಲು ಹನ್ನೊಂದೂವರೆ ಗಂಟೆಯ ಹತ್ತಿರ. ಹಗಲಿನಲ್ಲಿ ಇಷ್ಟು ಕಡಿಮೆ ವ್ಯತ್ಯಾಸ ಇರೋ ಕಡೆ ಬೆಳೆದ ಗಿಡಕ್ಕೆ ಅವಸರವೇ ಇಲ್ಲ. ಕೋಣೆಯಲ್ಲಿ ಲೈಟನ್ನ 12 ಗಂಟೆಗೆ ಇಳಿಸಿದ ಮೇಲೂ ಅದು ಎತ್ತರ ಹೋಗ್ತಾನೇ ಇರುತ್ತೆ, ತಾರಸಿಗೆ ತಲೆ ಹೊಡೆಯುತ್ತೆ. ಅಫ್ಘಾನ್ ತಳಿ 8–9 ವಾರದಲ್ಲಿ ಹೂ ಮುಗಿಸಿದ್ರೆ ಇದಕ್ಕೆ 12–16 ವಾರ ಬೇಕು. ಅದಕ್ಕೇ ಬಾಗಿಸಿದ್ರು, ತುದಿ ಚಿವುಟಿದ್ರು, ಬಲೆ ಕಟ್ಟಿದ್ರು, ಕೊನೆಗೆ ಗಿಡ್ಡ ತಳಿಗಳ ಜೊತೆ ಕೂಡಿಸಿ ಮಿಶ್ರತಳಿ ಮಾಡಿದ್ರು. ಹಾಲೆಂಡಿನ ಬೀಜದ ಕಂಪನಿಗಳು ಬೆಳೆದಿದ್ದು ಈ ಮಿಶ್ರತಳಿಗಳ ಮೇಲೆ. ಮೂಲ ತಳಿ ಉಳಿಸಿಕೊಂಡು ಬಂದ ಬೆಟ್ಟದ ರೈತನಿಗೆ ಸಿಕ್ಕಿದ್ದು ಕೇಸು.

ಬಿಸಿಲು ಬಿಟ್ಟು ಕರೆಂಟು ಹಿಡಿದಿದ್ದಕ್ಕೆ ಭೂಮಿಯೂ ಬೆಲೆ ಕೊಡ್ತಿದೆ. ಒಳಾಂಗಣ ಬೆಳೆಗೆ ಅಮೆರಿಕದ ಒಟ್ಟು ವಿದ್ಯುತ್ತಿನ ಸುಮಾರು ಶೇ. 1 ಹೋಗುತ್ತೆ ಅಂತ 2012ರ ಒಂದು ಅಧ್ಯಯನ ಅಂದಾಜು ಮಾಡ್ತು. ಒಣಗಿದ ಒಂದು ಕೆಜಿ ಹೂವಿಗೆ ಸುಮಾರು 2,300ರಿಂದ 5,200 ಕೆಜಿ ಇಂಗಾಲದ ಹೊಗೆ ಅಂತ 2021ರ ಇನ್ನೊಂದು ಅಧ್ಯಯನ ಲೆಕ್ಕ ಹಾಕ್ತು. ಅಲ್ಲಿ ಕಪ್ಪು ಜನ, ಬಿಳಿ ಜನ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೇದುತ್ತಾರೆ. ಆದರೆ ಗಾಂಜಾ ಇಟ್ಟುಕೊಂಡಿದ್ದಕ್ಕೆ ಅರೆಸ್ಟ್ ಆಗೋ ಸಾಧ್ಯತೆ ಕಪ್ಪು ಜನರಿಗೆ 3.7 ಪಟ್ಟು ಹೆಚ್ಚು ಅಂತ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2013ರಲ್ಲಿ ಹೇಳ್ತು.

ನಮ್ಮ ದೇಶಕ್ಕೆ ಬರೋಣ. 1961ರ ಅಂತಾರಾಷ್ಟ್ರೀಯ ಒಪ್ಪಂದದ ಹಿನ್ನೆಲೆಯಲ್ಲಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ ಪ್ರಕಾರ ಗಾಂಜಾ ಅಂದ್ರೆ ಹೂ-ಕಾಯಿ ಇರುವ ತುದಿ ಮಾತ್ರ, ಬರೀ ಎಲೆ ಮತ್ತು ಬೀಜ ಸೇರಲ್ಲ. ಎಲೆಯಿಂದ ಮಾಡೋದು ಭಂಗಿ. ಹಾಗಾಗಿ ಹೋಳಿಗೆ, ಶಿವರಾತ್ರಿಗೆ ಹಾಲು-ಬಾದಾಮಿ ಹಾಕಿ ಕುಡಿಯೋ ಭಂಗಿಗೆ ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟ ಅಂಗಡಿ ಇದೆ. ಬಡವನ ಚಿಲುಮೆಗೆ ಜೈಲು ಇದೆ. ಗಿಡ ಒಂದೇ, ಕುಡಿಯೋರ ಜಾತಿ-ವರ್ಗ ಬೇರೆ.

ಈಗ ಅಸಲಿ ವಿಷಯ, ತೂಕದ್ದು. ಕಾಯ್ದೆಯಲ್ಲಿ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣ ಅಂದ್ರೆ ಕನಿಷ್ಠ 10 ವರ್ಷ, ಮತ್ತು 37ನೇ ಕಲಮಿನ ಕಾರಣ ಜಾಮೀನೂ ಕಷ್ಟ. ಫ್ಲಾಟಿನ ಕುಂಡದ ಮಿಶ್ರತಳಿ ಗಿಡದಿಂದ ಸಿಗೋದು ಗ್ರಾಂ ಲೆಕ್ಕ. ರಾಗಿ ಹೊಲದ ನಡುವೆ ನಿಂತ ಎಂಟಡಿ ಗಿಡಗಳನ್ನ ಬೇರು, ಕಾಂಡ, ಎಲೆ ಸಮೇತ ಹಸಿಯಾಗಿ ಕಿತ್ತು ತಕ್ಕಡಿಗೆ ಹಾಕಿದ್ರೆ? ನಾಲ್ಕೈದು ಗಿಡಕ್ಕೇ 20 ಕೆಜಿ ದಾಟಬಹುದು. ಆಫೀಸಿನಲ್ಲಿ ದಿನಾ ಕಡತ ನೋಡೋ ಗುಮಾಸ್ತ ನಾನು, ಒಂದು ಅಂಕಿ ಮನುಷ್ಯನ ಹಣೆಬರಹ ಹೇಗೆ ಬರೆಯುತ್ತೆ ಅಂತ ಗೊತ್ತು. ನನಗೆ ಪರಿಚಯದ ಒಬ್ಬ ಗುತ್ತಿಗೆ ರೈತನ ಮಹಜರಿನಲ್ಲಿ "ಹಸಿ ಗಿಡಗಳು" ಅಂತ ಬರೆದು ಒಟ್ಟು ತೂಕ ಹಾಕಿದ್ರು. ಹೂ ಎಷ್ಟು, ಎಲೆ ಎಷ್ಟು ಅನ್ನೋ ಒಂದು ಸಾಲೂ ಇರಲಿಲ್ಲ. ಜಮೀನಿನ ಒಡೆಯ ಹೊರಗಿದ್ದ, ಉಳುವವನು ಒಳಗಿದ್ದ.

2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6. ದೇಶದ ಜೈಲುಗಳಲ್ಲಿ ನಮ್ಮ ಪಾಲು ಶೇ. 20ಕ್ಕೂ ಹೆಚ್ಚು. ಈ ವ್ಯತ್ಯಾಸ ಹುಟ್ಟೋದು ಇಂಥ ಮಹಜರುಗಳಲ್ಲೇ.

ಹಾಗಾಗಿ ನಮ್ಮ ವಕೀಲ ಗೆಳೆಯರಲ್ಲಿ ಒಂದು ವಿನಂತಿ. ಇಂಥ ಕೇಸು ಬಂದ್ರೆ ಮೊದಲು ಕೇಳಿ: ತೂಕ ಮಾಡಿದ್ದು ಏನನ್ನ? ಹೂವಿನ ತುದಿ ಬೇರೆ ಮಾಡಿದ್ರಾ? 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಸ್ಯಾಂಪಲ್ ತೆಗೆದ್ರಾ? ಈ ಪ್ರಶ್ನೆಗಳ ಮೇಲೆ ಹೈಕೋರ್ಟುಗಳು ಜಾಮೀನು ಕೊಟ್ಟ ಉದಾಹರಣೆಗಳಿವೆ.

ಸಂಘಟನೆಗಳಿಗೂ ಒಂದು ಮಾತು. ಉತ್ತರಾಖಂಡದಲ್ಲಿ ಆಗಲೇ ನಾರಿನ ಬೆಳೆಗೆ ಲೈಸೆನ್ಸ್ ಕೊಟ್ಟಿದ್ದಾರೆ. ನಾಳೆ ಇಲ್ಲೂ ಔಷಧಿಗೆ, ನಾರಿಗೆ ಅಂತ ಬಾಗಿಲು ತೆರೆದ್ರೆ ಎಸಿ ಕೋಣೆ, ಬಂಡವಾಳ ಇರೋರು ಮುಂದೆ ಬಂದು ನಿಲ್ತಾರೆ. ಅಮೆರಿಕದ ಓಕ್ಲೆಂಡ್ ನಗರ 2017ರಲ್ಲಿ, ನಿಷೇಧದಿಂದ ಹೊಡೆತ ತಿಂದವರಿಗೆ ಪರವಾನಗಿಯಲ್ಲಿ ಪಾಲು ಮೀಸಲಿಡ್ತು. ಆ ಪಾಲು ಪುಕ್ಕಟೆ ಸಿಗಲಿಲ್ಲ, ಜನ ಕೇಳಿದ್ದಕ್ಕೆ ಸಿಕ್ತು. ಹಳೇ ಕೇಸುಗಳ ಮರುಪರಿಶೀಲನೆ, ಅರೆಸ್ಟ್ ಆದವರ ಜಾತಿವಾರು ಅಂಕಿಅಂಶ, ಲೈಸೆನ್ಸಿನಲ್ಲಿ ಭೂಹೀನರಿಗೆ ಪಾಲು: ಈ ಮೂರನ್ನ ನಾವು ಈಗಿನಿಂದಲೇ ಕೇಳಬೇಕು.

ನಿಮ್ಮ ತಾಲೂಕಿನಲ್ಲಿ ಇಂಥ ಕೇಸಿನಲ್ಲಿ ಒಳಗಿರೋರು ಇದ್ರೆ ಮಹಜರ್ ಪ್ರತಿ ತೆಗೆಸಿ, ತೂಕದ ಸಾಲು ಓದಿ. ಹೆಸರುಗಳನ್ನ ಇಲ್ಲಿ ಕಾಮೆಂಟಿನಲ್ಲಿ ಹಾಕಬೇಡಿ, ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್.