ಕಬ್ಬಿಣದ ಅಂಗಿ ತೊಟ್ಟ ಹುಡುಗ



ಎಂಬತ್ತರ ದಶಕದಲ್ಲಿ ದೂರದರ್ಶನ ನೋಡುತ್ತಾ ಬೆಳೆದವರನ್ನು 'ಜೈಂಟ್ ರೋಬೋ' ನೆನಪಿದೆಯಾ ಎಂದು ಕೇಳಿ ನೋಡಿ. ಅವರ ಮಣಿಕಟ್ಟು ತಾನಾಗಿಯೇ ಬಾಯಿಯ ಹತ್ತಿರ ಹೋಗುತ್ತದೆ! ಕೈಗಡಿಯಾರದಲ್ಲಿ ಮಾತಾಡಿ ಬೆಟ್ಟದಂಥ ಯಂತ್ರವನ್ನು ಕುಣಿಸುತ್ತಿದ್ದ ಜಪಾನಿ ಹುಡುಗನ ಕಥೆ ಅದು. ನನ್ನ ವಯಸ್ಸಿನವರಾದರೆ ತೊಂಬತ್ತರ ದಶಕದ ಕಾರ್ಟೂನ್ ನೆಟ್‌ವರ್ಕ್‌ನ 'ಸೆಂಚೂರಿಯನ್ಸ್' ಹೆಸರು ಹೇಳುತ್ತಾರೆ. ಎರಡರಲ್ಲೂ ಲೆಕ್ಕ ಒಂದೇ. ಖಳನಾಯಕ ಬರುತ್ತಾನೆ, ನಮ್ಮವರು ಗೆಲ್ಲುತ್ತಾರೆ, ನಾವು ಹೋಮ್‌ವರ್ಕ್‌ಗೆ ಕೂರುತ್ತೇವೆ. ಅಷ್ಟೇ!

ಈ ಲೆಕ್ಕವನ್ನು ತಲೆಕೆಳಗು ಮಾಡಿದ ಕಾರ್ಟೂನೊಂದು ಜಪಾನಿನಲ್ಲಿದೆ. 'ಮೊಬೈಲ್ ಸೂಟ್ ಗಂಡಮ್'. ಹೆಸರು ಕೇಳಿ ಗಂಡಾಂತರ ನೆನಪಾದರೆ ತಪ್ಪೇನಿಲ್ಲ, ಕಥೆಯೂ ಹಾಗೇ ಇದೆ. 1979ರ ಏಪ್ರಿಲ್ 7, ಶನಿವಾರ ಸಂಜೆ ನಗೋಯಾ ಟೀವಿಯಲ್ಲಿ ಇದರ ಮೊದಲ ಕಂತು ಬಂತು.

ಜನ ಬಾಹ್ಯಾಕಾಶದಲ್ಲಿ ದೊಡ್ಡ ದೊಡ್ಡ ಕೊಳವೆಯಂಥ ಊರುಗಳನ್ನು ಕಟ್ಟಿಕೊಂಡು ಬದುಕುತ್ತಿರುವ ಕಾಲ. ಝಿಯಾನ್ ಎಂಬ ವಸಾಹತು ಸ್ವಾತಂತ್ರ್ಯಕ್ಕಾಗಿ ಭೂಮಿಯ ಒಕ್ಕೂಟದ ಮೇಲೆ ಯುದ್ಧ ಸಾರಿದೆ. ಕಥೆ ಶುರುವಾಗುವ ಮೊದಲೇ ಮನುಕುಲದ ಅರ್ಧ ಭಾಗ ಸತ್ತುಹೋಗಿದೆ. ಇದನ್ನು ಆರಂಭದಲ್ಲೇ ಒಂದು ಗಂಭೀರ ಧ್ವನಿ ಹೇಳುತ್ತದೆ. ಮೈಕ್ ಮುಂದೆ ಕೂರುವ ನನಗೆ ಆ ಧ್ವನಿಯ ಮೇಲೆ ವಿಶೇಷ ಪ್ರೀತಿ. ಅದು ನಾಗಾಯ್ ಇಚಿರೋ ಅವರದು. 'ಸಾಝಾಯೆ ಸಾನ್' ಎಂಬ ಮನೆಮಾತಾದ ಕಾರ್ಟೂನಿನಲ್ಲಿ ಬೋಳುತಲೆಯ ಯಜಮಾನನಿಗೆ 1969ರಿಂದ, 2014ರಲ್ಲಿ ತೀರಿಕೊಳ್ಳುವವರೆಗೂ ದನಿ ಕೊಟ್ಟವರು ಅವರೇ. ಶನಿವಾರ ಲೋಕ ಅರ್ಧ ಹಾಳಾಯಿತೆಂದು ಹೇಳಿದ ಕಂಠವೇ ಭಾನುವಾರ ಮನೆಮಕ್ಕಳನ್ನು ಗದರಿಸುತ್ತಿತ್ತು!

ಇನ್ನು ಆ ಯಂತ್ರದ ವಿಷಯ. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1959ರಲ್ಲಿ ಬರೆದ 'ಸ್ಟಾರ್‌ಶಿಪ್ ಟ್ರೂಪರ್ಸ್' ಕಾದಂಬರಿಯಲ್ಲಿ ಸೈನಿಕರು ಯಂತ್ರದ ಉಡುಪು ತೊಟ್ಟು ಕಾದಾಡುತ್ತಾರೆ. ಗಂಡಮ್ ತಂಡಕ್ಕೆ ಹೊಳಹು ಸಿಕ್ಕಿದ್ದು ಅಲ್ಲಿಂದ. ಆದರೆ ಪ್ರಾಯೋಜಕರಾದ ಕ್ಲೋವರ್ ಆಟಿಕೆ ಕಂಪನಿಗೆ ಬೇಕಿದ್ದದ್ದು ದೈತ್ಯ ರೋಬೋ. ಹೀಗಾಗಿ ಆಳೆತ್ತರದ ಅಂಗಿ ಬೆಳೆಯುತ್ತಾ ಹೋಗಿ 18 ಮೀಟರ್ ಆಯಿತು, ಆರಂತಸ್ತಿನ ಕಟ್ಟಡದಷ್ಟು. 'ಸೂಟ್' ಎಂಬ ಹೆಸರು ಮಾತ್ರ ಉಳಿಯಿತು. ಒಳ್ಳೆಯದೇ ಆಯಿತೆನ್ನಿ. ರೋಬೋ ಎಂದರೆ ಕೇವಲ ಯಂತ್ರ. ಅಂಗಿ ಎಂದರೆ ಅದನ್ನು ತೊಟ್ಟವರು ಯಾರು ಎಂದು ಕೇಳಬೇಕಾಗುತ್ತದೆ.

ತೊಟ್ಟವನು ಅಮುರೋ ರೇ, 15ರ ಹುಡುಗ. ಊರಿನ ಮೇಲೆ ದಾಳಿಯಾದಾಗ ಎದುರಿಗೆ ನಿಂತಿದ್ದ ಯಂತ್ರದೊಳಗೆ ನುಗ್ಗಿ, ಕೈಪಿಡಿ ಓದುತ್ತಲೇ ಅದನ್ನು ಎಬ್ಬಿಸುತ್ತಾನೆ. ಆಮೇಲೆ ನಿರಾಶ್ರಿತರನ್ನು ತುಂಬಿಕೊಂಡ ಹಡಗಿನಲ್ಲಿ ಅಲೆದಾಟ. ಆ ಹಡಗಿನ ಕ್ಯಾಪ್ಟನ್ನನಿಗೂ ಬರೀ 19 ವರ್ಷ!

'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಅನ್ನುತ್ತೇವಲ್ಲ, ಗಂಡಮ್‌ನಲ್ಲಿ ಎರಡಕ್ಕೂ ಒಂದೊಂದು ಕಂತಿದೆ. 13ನೇ ಕಂತಿನಲ್ಲಿ ಅಮುರೋ ತಾಯಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಶತ್ರು ಸೈನಿಕರು ತಪಾಸಣೆಗೆ ಬಂದಾಗ ಹೊದಿಕೆಯೊಳಗಿಂದಲೇ ಗುಂಡು ಹಾರಿಸುತ್ತಾನೆ, ಅಮ್ಮನ ಕಣ್ಣೆದುರಲ್ಲೇ. ನನ್ನ ಮಗ ಹೀಗಾದನಲ್ಲ ಎಂದು ಆಕೆ ಹೌಹಾರುತ್ತಾಳೆ. ಮಗ ಅವಳನ್ನು ಬಿಟ್ಟು ಹಡಗಿಗೆ ಮರಳುತ್ತಾನೆ. 16ನೇ ಕಂತಿನಲ್ಲಿ ಹಡಗಿನ ಅಡುಗೆಮನೆಯಲ್ಲಿ ಉಪ್ಪು ಮುಗಿಯುತ್ತಾ ಬಂದಿದೆ. ಯುದ್ಧನೌಕೆಯೊಂದು ಉಪ್ಪು ಹುಡುಕಿಕೊಂಡು ಹೊರಡುತ್ತದೆ. ಸೈನ್ಯಕ್ಕೂ ಮೊದಲು ಊಟ ಬೇಕು ಎಂದು ಮಕ್ಕಳಿಗೆ ಹೇಳಿದ ಕಾರ್ಟೂನುಗಳು ಎಷ್ಟಿವೆ ಹೇಳಿ?

ಇನ್ನೊಂದು ಕಂತಿನಲ್ಲಿ ಮರುಭೂಮಿಯ ಹೋಟೆಲೊಂದರಲ್ಲಿ ಅಪರಿಚಿತ ಹಿರಿಯನೊಬ್ಬ ಅಮುರೋಗೆ ಊಟ ಕೊಡಿಸುತ್ತಾನೆ. ಅವನು ರಾಂಬಾ ರಾಲ್, ಶತ್ರುಪಡೆಯ ಅಧಿಕಾರಿ. ಸ್ವಲ್ಪ ಹೊತ್ತಿಗೇ ಇಬ್ಬರ ಯಂತ್ರಗಳೂ ಎದುರುಬದುರಾಗುತ್ತವೆ. ಕವಚ ಸೀಳಿದಾಗಲೇ ಒಳಗಿರುವವನು ಯಾರೆಂದು ಇಬ್ಬರಿಗೂ ಗೊತ್ತಾಗುವುದು.

ಇಂಥ ಕಥೆ ಯಾಕೆ? ನಿರ್ದೇಶಕ ತೊಮಿನೊ ಯೊಶಿಯುಕಿ ಹುಟ್ಟಿದ್ದು 1941ರಲ್ಲಿ, ಒದವಾರಾ ಊರಿನಲ್ಲಿ. 1945ರ ಆಗಸ್ಟ್ 15ರಂದು ಜಪಾನ್ ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿ ಸಾರಿದರು. ಆ ಮಾತು ಹೊರಬೀಳುವ ಕೆಲವೇ ಗಂಟೆಗಳ ಮೊದಲು ಒದವಾರಾದ ಮೇಲೆ ಬಾಂಬು ಬಿದ್ದಿತ್ತು. ಅಂಥ ಊರಿನಲ್ಲಿ ಹುಟ್ಟಿದವರ ಯುದ್ಧದ ಕಥೆಯಲ್ಲಿ ಬಾಂಬಿನ ಕೆಳಗಿರುವವರು ಕಾಣದೆ ಇರುತ್ತಾರೆಯೇ?

ಆದರೆ ಆಟಿಕೆ ಕೊಳ್ಳುವ ವಯಸ್ಸಿನ ಪುಟಾಣಿಗಳಿಗೆ ಇದು ರುಚಿಸಲಿಲ್ಲ. ಮಾರಾಟ ನೆಲಕಚ್ಚಿತು. 52 ಕಂತುಗಳ ಯೋಜನೆಯನ್ನು 43ಕ್ಕೇ ಮೊಟಕು ಮಾಡಿ, 1980ರ ಜನವರಿ 26ಕ್ಕೆ ಮಂಗಳ ಹಾಡಿದರು. ಕೊನೆಯ ಕಂತಿನಲ್ಲಿ ಗಂಡಮ್ ತಲೆ, ತೋಳು ಕಳೆದುಕೊಂಡು ಬಿದ್ದಿರುತ್ತದೆ. ಹುಡುಗ ಅದನ್ನು ಅಲ್ಲೇ ಬಿಟ್ಟು, ಸ್ನೇಹಿತರಿರುವ ಕಡೆ ಹೋಗುತ್ತಾನೆ.

ಮುಗಿದೇ ಹೋಯಿತು ಅಂದುಕೊಂಡಿರಾ? ಪುಟಾಣಿಗಳು ಬಿಟ್ಟದ್ದನ್ನು ಹೈಸ್ಕೂಲು, ಕಾಲೇಜು ಹುಡುಗ-ಹುಡುಗಿಯರು ಎತ್ತಿಕೊಂಡರು. ಮರುಪ್ರಸಾರದಲ್ಲಿ ಜನಪ್ರಿಯತೆ ಏರುತ್ತಾ ಹೋಯಿತು. 1980ರ ಜುಲೈನಲ್ಲಿ ಬಂದೈ ಕಂಪನಿ 300 ಯೆನ್‌ಗೆ ಪ್ಲಾಸ್ಟಿಕ್ ಮಾದರಿ ಬಿಟ್ಟಾಗ ಅಂಗಡಿಗಳ ಮುಂದೆ ಸಾಲು! ತಮಾಷೆಯೆಂದರೆ, ಶತ್ರುಗಳ 'ಝಾಕು' ಯಂತ್ರದ ಮಾದರಿಗೂ ಅಷ್ಟೇ ಬೇಡಿಕೆ. ರಾವಣನ ಬೊಂಬೆಗೂ ರಾಮನ ಬೊಂಬೆಗೂ ಒಂದೇ ಗಿರಾಕಿ ಇದ್ದ ಹಾಗೆ. ಶತ್ರುವಿಗೂ ಒಂದು ಮುಖವಿದೆ ಎಂದು ತೋರಿಸಿದ್ದರ ಫಲ ಅದು. 1981ರ ಫೆಬ್ರವರಿ 22ರಂದು ಟೋಕಿಯೋದ ಶಿಂಜುಕು ಸ್ಟೇಷನ್ ಎದುರು ಸಾವಿರಾರು ಯುವಜನ ಸೇರಿದರು. ಮುಂದಿನ ತಿಂಗಳು ಸಿನಿಮಾ ಬಂತು. ಕ್ಲೋವರ್ ಕಂಪನಿ ಮಾತ್ರ 1983ರಲ್ಲಿ ದಿವಾಳಿಯಾಯಿತು.

ಆಮೇಲಿನದು ಹಬ್ಬ. 2009ರಲ್ಲಿ ಟೋಕಿಯೋದ ಒದೈಬಾದಲ್ಲಿ 18 ಮೀಟರ್ ಎತ್ತರದ ಗಂಡಮ್ ನಿಂತಿತು. ಯೊಕೊಹಾಮಾದಲ್ಲಿ 2020ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗೆ ಕೈಕಾಲು ಆಡಿಸುವ ಗಂಡಮ್ಮೇ ಇತ್ತು. ಯುದ್ಧ ಎಂದರೆ ಕಳೆದುಕೊಳ್ಳುವುದು ಎಂದ ಕಥೆ, ಯುದ್ಧಯಂತ್ರದ ಬೊಂಬೆ ಮಾರಿಯೇ ಬದುಕಿದೆ. ಈ ಇಕ್ಕಟ್ಟನ್ನು ಮುಚ್ಚಿಟ್ಟು ಬರೀ ಹಾಡಿ ಹೊಗಳಿದರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ.

ಅದಕ್ಕೇ ಕೊನೆಯದಾಗಿ 15ನೇ ಕಂತಿನ ಮಾತು. ಕುಕುರುಸ್ ದೋಆನ್ ಎಂಬ ಸೈನಿಕ ಪಡೆ ಬಿಟ್ಟು ಓಡಿಬಂದು, ದ್ವೀಪವೊಂದರಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿರುತ್ತಾನೆ. 1979ರಲ್ಲಿ ಪಾತ್ರಗಳ ಚಿತ್ರ ಬರೆದಿದ್ದ ಯಸುಹಿಕೊ ಯೊಶಿಕಝು, 2022ರಲ್ಲಿ ತಮ್ಮ 74ನೇ ವಯಸ್ಸಿನಲ್ಲಿ ಸಿನಿಮಾ ಮಾಡಲು ಆರಿಸಿಕೊಂಡದ್ದು ಇದೇ ಪುಟ್ಟ ಕಥೆಯನ್ನು. ಕೊನೆಯಲ್ಲಿ ಅಮುರೋ ದೋಆನ್‌ನ ಯಂತ್ರವನ್ನು ಎತ್ತಿ ಸಮುದ್ರಕ್ಕೆ ಎಸೆಯುತ್ತಾನೆ. ಅದಿರುವವರೆಗೆ ಯುದ್ಧ ಅವನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ ಎಂದು.

ನಿಮ್ಮ ಮನಸ್ಸಿನಲ್ಲಿ ಉಳಿದ ಕಾರ್ಟೂನ್ ಯಾವುದು? ಯಂತ್ರ ನೆನಪಿದೆಯೋ, ಒಳಗಿದ್ದವರು ನೆನಪಿದ್ದಾರೋ? ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ. ಅಲ್ಲಿಯವರೆಗೆ, ಕೇಳ್ತಾ ಇರಿ!