ಕೂಸಿನ ಗಾಡಿಯ ಹುಡ್ ಮತ್ತು ನೂರೈವತ್ತು ವರ್ಷದ ಬಿಸಿಲು

ಮಗುವನ್ನು ಮಲಗಿಸಿ ತಳ್ಳಿಕೊಂಡು ಹೋಗುವ ಗಾಡಿ ಇದೆಯಲ್ಲ (ಪ್ರಾಮ್ ಅನ್ನಿ, ಸ್ಟ್ರಾಲರ್ ಅನ್ನಿ), ಅದರ ತಲೆಯ ಮೇಲೆ ಮಡಚಿ ಬಿಚ್ಚುವ ಒಂದು ಹುಡ್ ಇರುತ್ತೆ. ಬಿಸಿಲು ಬಂದರೆ ಎಳೆದುಕೊಳ್ಳೋದು, ಇಲ್ಲದಿದ್ದರೆ ಮಡಚಿಡೋದು, ಅಷ್ಟೇ. ಇದಕ್ಕೂ ಒಂದು ಚರಿತ್ರೆ ಇರಬಹುದು ಅಂತ ಯಾರಿಗಾದರೂ ಅನ್ನಿಸುತ್ತಾ? ಇದೆ ಸ್ವಾಮಿ, ಮತ್ತು ಸಾಕಷ್ಟು ವಿಚಿತ್ರವಾಗಿಯೇ ಇದೆ. ಒಂದು ಕಾಲದಲ್ಲಿ ಕೂಸಿನ ಮೇಲೆ ಬಿಸಿಲು ಬೀಳಬಾರದು ಅಂತ ಹುಡ್ ಎಳೆದರು. ಆಮೇಲೆ ಬಿಸಿಲು ಬೀಳಲೇಬೇಕು ಅಂತ ಮಡಚಿದರು. ಅದಾದ ಮೇಲೆ ಮತ್ತೆ ಎಳೆದರು. ಎರಡನೇ ಸಲ ಮತ್ತು ಮೂರನೇ ಸಲ ಹಾಗೆ ಹೇಳಿದ್ದು ಡಾಕ್ಟರುಗಳೇ! ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ವೇರ್ ಒಂದೇ, ರಿಕ್ವೈರ್‌ಮೆಂಟ್ ಮಾತ್ರ ಮತ್ತೆ ಮತ್ತೆ ಬದಲಾಗಿದೆ :)

ಮೊದಲಿಂದ ಶುರು ಮಾಡೋಣ. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಅನ್ನೋ ವಾಸ್ತುಶಿಲ್ಪಿ ಡೆವನ್‌ಶೈರಿನ ಡ್ಯೂಕ್‌ನ ಮಕ್ಕಳಿಗಾಗಿ ಚಿಪ್ಪಿನಾಕಾರದ ಒಂದು ಪುಟ್ಟ ಗಾಡಿ ಮಾಡಿಕೊಟ್ಟ. ಅದನ್ನು ಎಳೆಯೋದು ಮೇಕೆ ಅಥವಾ ಪುಟ್ಟ ಕುದುರೆ. ಅದು ಶ್ರೀಮಂತರ ಆಟಿಕೆ. ಜನರ ಕೈಗೆ ಸಿಗುವ ತಳ್ಳುಗಾಡಿ ಬಂದಿದ್ದು ನೂರು ವರ್ಷ ಕಳೆದ ಮೇಲೆ, 1840-50ರ ದಶಕಗಳಲ್ಲಿ. ಆಗಿನವು ಮೂರು ಚಕ್ರದ, ಕೂತುಕೊಳ್ಳಬಲ್ಲ ಮಕ್ಕಳ ಗಾಡಿಗಳು. ಎಳೆಗೂಸನ್ನು ಮಲಗಿಸುವಂಥವು ಬಂದಿದ್ದು ಇನ್ನೂ ಕೆಲವು ದಶಕಗಳ ನಂತರ. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್, ಮಗುವಿನ ತೊಟ್ಟಿಲನ್ನು ಹಿಂದೆ ಮುಂದೆ ತಿರುಗಿಸಬಹುದಾದ ಗಾಡಿಗೆ ಪೇಟೆಂಟ್ ಪಡೆದ. ಮಗುವಿನ ಮುಖ ಅಮ್ಮನ ಕಡೆಗೂ ತಿರುಗಿಸಬಹುದು, ಸೂರ್ಯನಿಗೆ ಬೆನ್ನಾಗಿಯೂ ತಿರುಗಿಸಬಹುದು.

ಆ ಕಾಲದಲ್ಲಿ ಹುಡ್ ಯಾಕೆ ಬೇಕಿತ್ತು? ಮಳೆ ಗಾಳಿಗೆ ಅನ್ನೋದು ಸರಿ. ಬೇಸಿಗೆಗೆ ಮಾತ್ರ ಬಟ್ಟೆಯ ಹಗುರವಾದ ಕೊಡೆಯನ್ನು ಗಾಡಿಗೆ ಸಿಕ್ಕಿಸುತ್ತಿದ್ದರು. ಅದರ ಹಿಂದೆ ವೈದ್ಯಶಾಸ್ತ್ರಕ್ಕಿಂತ ಅಂತಸ್ತಿನ ಪ್ರಶ್ನೆಯೇ ದೊಡ್ಡದು. ಬಿಸಿಲಿಗೆ ಕಂದಿದ ಚರ್ಮ ಅಂದರೆ ಹೊಲದಲ್ಲಿ ದುಡಿಯುವವರ ಗುರುತು, ಬಿಳಿಚಿಕೊಂಡ ಚರ್ಮ ಅಂದರೆ ದೊಡ್ಡ ಮನೆತನದ ಗುರುತು. (ಫೇರ್‌ನೆಸ್ ಕ್ರೀಮಿನ ಜಾಹೀರಾತು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?)

ಇದೇ ಹೊತ್ತಿಗೆ ಅದೇ ಊರುಗಳ ಇನ್ನೊಂದು ಮಗ್ಗುಲಲ್ಲಿ ಬೇರೆಯೇ ಕಥೆ ನಡೆದಿತ್ತು. ಕಾರ್ಖಾನೆಗಳ ಹೊಗೆ, ಒತ್ತೊತ್ತಾದ ಓಣಿಗಳು, ಅಲ್ಲಿ ಕಾಲು ಬಿಲ್ಲಿನ ಹಾಗೆ ಬಾಗಿದ ಮಕ್ಕಳು. ರಿಕೆಟ್ಸ್ ರೋಗ. ಮೂಳೆ ಗಟ್ಟಿಯಾಗದೆ ಮೆತ್ತಗೇ ಉಳಿದು, ಮಗು ನಡೆಯಲು ಕಲಿಯುವಾಗ ತನ್ನ ಭಾರಕ್ಕೆ ತಾನೇ ಬಾಗುವುದು. ಎದೆಗೂಡು ಸೊಟ್ಟಗಾಗುವುದು. ಹೆಣ್ಣುಮಕ್ಕಳಾದರೆ ಸೊಂಟದ ಮೂಳೆ ಕಿರಿದಾಗಿ, ಮುಂದೆ ಅವರ ಹೆರಿಗೆಯಲ್ಲೇ ಜೀವಕ್ಕೆ ಕುತ್ತು. 1650ರಲ್ಲೇ ಫ್ರಾನ್ಸಿಸ್ ಗ್ಲಿಸನ್ ಈ ರೋಗದ ಬಗ್ಗೆ ಪುಸ್ತಕ ಬರೆದಿದ್ದ, ಆದರೆ ಕಾರಣ ಗೊತ್ತಿರಲಿಲ್ಲ.

ಸುಳಿವು ಕೊಟ್ಟವರು ಇದ್ದರು. 1822ರಲ್ಲಿ ಪೋಲೆಂಡಿನ ವೈದ್ಯ ಯೆಂಜೆಯ್ ಸ್ನ್ಯಾದೆಟ್ಸ್‌ಕಿ, ವಾರ್ಸಾ ಪಟ್ಟಣದ ಮಕ್ಕಳಿಗೆ ಬರುವ ಈ ರೋಗ ಹಳ್ಳಿ ಮಕ್ಕಳಿಗೆ ಅಷ್ಟಾಗಿ ಬರೋದಿಲ್ಲ, ಬಿಸಿಲಿಗೆ ಹಿಡಿಯಿರಿ ಅಂತ ಬರೆದ. 1890ರಲ್ಲಿ ಥಿಯೋಬಾಲ್ಡ್ ಪಾಮ್ ಅನ್ನೋ ಮಿಷನರಿ ಡಾಕ್ಟರು, ಜಪಾನಿನಲ್ಲಿ ಕಾಣದ ರಿಕೆಟ್ಸ್ ಬ್ರಿಟನ್ನಿನಲ್ಲಿ ಯಾಕೆ ಇಷ್ಟೊಂದಿದೆ ಅಂತ ಯೋಚಿಸಿ, ಬೇರೆ ಬೇರೆ ದೇಶಗಳಲ್ಲಿದ್ದವರಿಂದ ಮಾಹಿತಿ ತರಿಸಿಕೊಂಡು ಅದೇ ತೀರ್ಮಾನಕ್ಕೆ ಬಂದ: ಬಿಸಿಲಿಲ್ಲ, ಅದಕ್ಕೇ. ಇಬ್ಬರ ಮಾತನ್ನೂ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಗಿಲು ತೆರೆದದ್ದು ಮೊದಲನೇ ಮಹಾಯುದ್ಧ ಮುಗಿದ ಮೇಲೆ. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಷಿನ್ಸ್‌ಕಿ ರಿಕೆಟ್ಸ್ ಇದ್ದ ಮಕ್ಕಳಿಗೆ ಪಾದರಸದ ದೀಪದಿಂದ ಅತಿನೇರಳೆ ಬೆಳಕು ಹಾಯಿಸಿದ, ಮೂಳೆ ಗಟ್ಟಿಯಾಯಿತು. ಆಮೇಲೆ ಒಂದು ತೋಳಿಗೆ ಮಾತ್ರ ಬೆಳಕು ಕೊಟ್ಟು ನೋಡಿದ. ಬೆಳಕು ಬೀಳದ ಇನ್ನೊಂದು ತೋಳಿನ ಮೂಳೆಯೂ ವಾಸಿಯಾಯಿತು! ಅಂದರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದ ಮೂಲಕ ಮೈಯೆಲ್ಲ ಓಡಾಡುತ್ತಿದೆ ಅಂತಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ, ನಾಯಿಮರಿಗಳಲ್ಲಿ ಕಾಡ್ ಮೀನೆಣ್ಣೆಯಿಂದ ರಿಕೆಟ್ಸ್ ತಡೆಯಬಹುದು ಅಂತ ತೋರಿಸಿದ. ಬೆಳಕೂ ಔಷಧಿ, ಎಣ್ಣೆಯೂ ಔಷಧಿ, ಇದು ಹೇಗೆ? ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ತಂಡ ಎರಡನ್ನೂ ಮಕ್ಕಳ ಮೇಲೆ ಎಚ್ಚರದಿಂದ ಪರೀಕ್ಷಿಸಿ, ಎರಡೂ ಕೆಲಸ ಮಾಡುತ್ತವೆ ಅಂತ 1922ರಲ್ಲಿ ಹೇಳಿತು. ಎಣ್ಣೆಯಲ್ಲಿದ್ದ ಆ ವಸ್ತುವಿಗೆ ಮೆಕಾಲಂ 'ವಿಟಮಿನ್ ಡಿ' ಅಂತ ಹೆಸರಿಟ್ಟ. ಬಿಸಿಲು ಚರ್ಮದಲ್ಲಿ ತಯಾರಿಸುವುದೂ ಅದನ್ನೇ ಅಂತ ಆಮೇಲೆ ಸ್ಪಷ್ಟವಾಯಿತು.

ಇನ್ನು ಕೇಳಬೇಕಾ? ಹುಡ್ ಕೆಳಗೆ ಬಂತು. 1920ರ ದಶಕದಲ್ಲಿ ಅಮೆರಿಕ ಸರ್ಕಾರದ ಮಕ್ಕಳ ಇಲಾಖೆ, ಕೂಸಿಗೆ ಬಿಸಿಲು ಕಾಯಿಸುವುದು ಹೇಗೆ ಅಂತ ತಾಯಂದಿರಿಗೆ ಕೈಪಿಡಿ ಹಂಚಿತು. ಕಿಟಕಿಯ ಗಾಜು ಬೇಕಾದ ಕಿರಣಗಳನ್ನು ತಡೆಯುತ್ತೆ, ಹಾಗಾಗಿ ನೇರ ಬಿಸಿಲೇ ಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಮೈ ಕಂದುಬಣ್ಣಕ್ಕೆ ತಿರುಗಿದರೆ ಒಳ್ಳೆಯ ಲಕ್ಷಣ! ಐವತ್ತು ವರ್ಷದ ಹಿಂದೆ ಯಾವುದು ಅಗೌರವವಾಗಿತ್ತೋ ಅದೇ ಈಗ ಆರೋಗ್ಯದ ಸರ್ಟಿಫಿಕೇಟ್ ಆಯಿತು. ಅಪಾರ್ಟ್‌ಮೆಂಟಿನಲ್ಲಿದ್ದವರು ಏನು ಮಾಡಬೇಕು? ಕಿಟಕಿಯ ಹೊರಗೆ ತಂತಿಯ ಪಂಜರ ಕಟ್ಟಿ ಮಗುವನ್ನು ಅದರಲ್ಲಿ ಮಲಗಿಸಿದರು. ಸುಳ್ಳಲ್ಲ, 1923ರಲ್ಲಿ ಎಮ್ಮಾ ರೀಡ್ ಅನ್ನೋ ಮಹಿಳೆಗೆ ಇಂಥ ಪಂಜರಕ್ಕೆ ಪೇಟೆಂಟೇ ಸಿಕ್ಕಿತ್ತು, 1930ರ ದಶಕದಲ್ಲಿ ಲಂಡನ್ನಿನಲ್ಲಿ ಇವನ್ನು ಬಳಸಿದರು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಘಟನೆ ನಡೆದದ್ದು 1956ರಲ್ಲಿ, ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನ ಸಿಸ್ಟರ್ ವಾರ್ಡ್ ಅವರಿಗೆ ತಾಜಾ ಗಾಳಿ ಬಿಸಿಲಿನ ಮೇಲೆ ಬಹಳ ನಂಬಿಕೆ. ಒಳ್ಳೆಯ ದಿನ ನೋಡಿ ಕೂಸುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ಡಾಕ್ಟರರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿದೆ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿ! ಬಿಸಿಲು ಬಿದ್ದ ಕಡೆ ಕಾಮಾಲೆಯ ಹಳದಿ ಇಳಿದಿತ್ತು. ಅದೇ ಆಸ್ಪತ್ರೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಉಳಿದಿದ್ದ ರಕ್ತದ ಸ್ಯಾಂಪಲ್ಲಿನಲ್ಲೂ ಬಿಲಿರುಬಿನ್ ಕಡಿಮೆ ಬಂತು. 1958ರಲ್ಲಿ ಕ್ರೆಮರ್ ಮತ್ತು ಸಂಗಡಿಗರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತು ನಮ್ಮ ಊರಿನ ಆಸ್ಪತ್ರೆಗಳಲ್ಲೂ ಹಳದಿಯಾದ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರಲ್ಲ, ಅದರ ಮೂಲ ಆ ನರ್ಸಮ್ಮನ ಕಣ್ಣು.

ಬಿಸಿಲಿಗೆ ಇಷ್ಟೆಲ್ಲ ಒಳ್ಳೆಯ ಹೆಸರಿದ್ದಾಗ ಹುಡ್ ಮತ್ತೆ ಮೇಲೆ ಹೋದದ್ದು ಹೇಗೆ? ಅತಿನೇರಳೆ ಕಿರಣ ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಫಿಂಡ್ಲೆ 1928ರಲ್ಲೇ ತೋರಿಸಿದ್ದ. ಅಂದರೆ ಅಮ್ಮಂದಿರು ಮಕ್ಕಳನ್ನು ಬಿಸಿಲಿಗೆ ಹಿಡಿಯುತ್ತಿದ್ದ ಅದೇ ವರ್ಷಗಳಲ್ಲಿ! ಆದರೆ ಚರ್ಮದ ಕ್ಯಾನ್ಸರ್ ಬರೋದಕ್ಕೆ ದಶಕಗಳು ಬೇಕು, ರಿಕೆಟ್ಸ್ ಬರೋದಕ್ಕೆ ಕೆಲವು ತಿಂಗಳು ಸಾಕು. ಕಣ್ಣೆದುರಿನ ರೋಗ ಯಾವಾಗಲೂ ಗೆಲ್ಲುತ್ತೆ. 1981ರಲ್ಲಿ ಆಸ್ಟ್ರೇಲಿಯಾದವರು ಅಂಗಿ ಹಾಕಿ, ಕ್ರೀಮ್ ಬಳಿಯಿರಿ, ಟೋಪಿ ಇಡಿ ಅಂತ ದೊಡ್ಡ ಪ್ರಚಾರ ಶುರು ಮಾಡಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ತೂತು ಸುದ್ದಿಯಾಯಿತು. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಬಿಸಿಲನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 1999ರಲ್ಲಿ ಅಮೆರಿಕದ ಶಿಶುವೈದ್ಯರ ಅಕಾಡೆಮಿ, ಆರು ತಿಂಗಳಿಗಿಂತ ಚಿಕ್ಕ ಕೂಸನ್ನು ನೇರ ಬಿಸಿಲಿಗೆ ಒಡ್ಡಲೇಬೇಡಿ ಅಂದಿತು. ಮೊದಲು ನೆರಳು, ಮೈ ಮುಚ್ಚುವ ಬಟ್ಟೆ, ಟೋಪಿ. ನೆರಳೇ ಸಿಗದಿದ್ದರೆ ಮಾತ್ರ ಮುಖ, ಕೈಗಳಿಗೆ ತುಸು ಸನ್‌ಸ್ಕ್ರೀನ್.

ಹಾಗಾದರೆ ರಿಕೆಟ್ಸ್ ಯಾಕೆ ವಾಪಸ್ ಬರಲಿಲ್ಲ? ಇಲ್ಲಿದೆ ಗುಟ್ಟು. ಅಷ್ಟರಲ್ಲಿ ವಿಟಮಿನ್ ಡಿ ಹಾಲಿನಲ್ಲಿ, ಹನಿಗಳಲ್ಲಿ ಸಿಗುತ್ತಿತ್ತು. ಬಿಸಿಲು ಮಾಡುವ ಒಂದು ಕೆಲಸವನ್ನು ಬಿಸಿಲಿನಿಂದ ಬಿಡಿಸಿ ಬಾಟಲಿಗೆ ಹಾಕಿಯಾಗಿತ್ತು. ಹಾಗಾಗಿ ಹುಡ್ ಎಳೆಯಲು ಧೈರ್ಯ ಬಂತು. ಬಾಟಲಿ ತಲುಪದ ಕಡೆ ರಿಕೆಟ್ಸ್ ಬಂದೇ ಬಂತು. ಭಾರತ, ಪಾಕಿಸ್ತಾನಗಳಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ವಲಸೆ ಹೋದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಕಾಣಿಸಿದ್ದನ್ನು ಅಲ್ಲಿನ ವೈದ್ಯರು 1962ರಲ್ಲಿ ವರದಿ ಮಾಡಿದರು. ನಮ್ಮ ಕಂದು ಚರ್ಮಕ್ಕೆ ಅಷ್ಟೇ ವಿಟಮಿನ್ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಬಿಸಿಲು ಬೇಕು. ಗ್ಲಾಸ್ಗೋ ಇರೋದೋ 56 ಡಿಗ್ರಿ ಉತ್ತರದಲ್ಲಿ (ಬೆಂಗಳೂರು 13!), ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸಿದರೂ ಬೇಕಾದ ಕಿರಣ ನೆಲ ಮುಟ್ಟೋದಿಲ್ಲ. 1979ರಲ್ಲಿ ಅಲ್ಲಿ ವಿಟಮಿನ್ ಡಿ ಉಚಿತವಾಗಿ ಹಂಚಲು ಶುರು ಮಾಡಿದ ಮೇಲೆ ರೋಗ ಇಳಿಯಿತು.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರ ಮನೆಗಳಲ್ಲಿ ಬಾಣಂತನಕ್ಕೆ ಹೋದ ಅಜ್ಜಿಗೂ ಅಲ್ಲಿನ ಡಾಕ್ಟರಿಗೂ ನಡೆಯುವ ಶೀತಲ ಸಮರದ ಹಿನ್ನೆಲೆ ಇದೇ. ಅಜ್ಜಿ "ಎಣ್ಣೆ ನೀರು ಹಾಕಿ ಎಳೆ ಬಿಸಿಲಿಗೆ ಹಿಡೀರಮ್ಮಾ" ಅಂತಾರೆ. ಡಾಕ್ಟರು "ನೆರಳಲ್ಲಿಡಿ, ದಿನಾ 400 ಯೂನಿಟ್ ಹನಿ ಹಾಕಿ" ಅಂತಾರೆ. ಎಳೆ ಬಿಸಿಲು ಚರ್ಮ ಸುಡೋದಿಲ್ಲ, ಅಜ್ಜಿ ಹೇಳೋದು ನಿಜ. ಆದರೆ ಸುಡುವ ಕಿರಣ ಮತ್ತು ವಿಟಮಿನ್ ಕೊಡುವ ಕಿರಣ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸುಡದ ಬಿಸಿಲಿನಲ್ಲಿ ವಿಟಮಿನ್ನೂ ಅಷ್ಟಕ್ಕಷ್ಟೇ. ಅಜ್ಜಿಗೆ ಬೇಜಾರು ಮಾಡದೆ ಹನಿಯನ್ನೂ ಹಾಕಿ ಅನ್ನೋದೇ ಸರಿಯಾದ ಉತ್ತರ. ಅಮೆರಿಕದಲ್ಲಿ ಎಲ್ಲ ಕೂಸಿಗೂ ಈ 400 ಯೂನಿಟ್ ಅಂತ 2008ರಲ್ಲಿ ಹೇಳಿದರು, ಭಾರತೀಯ ಶಿಶುವೈದ್ಯರ ಅಕಾಡೆಮಿಯೂ 2017ರಲ್ಲಿ ಅಷ್ಟನ್ನೇ ಹೇಳಿತು.

ಹುಡ್ ಎಳೆದರೆ ಮುಗೀತಾ ಅಂದರೆ ಅದೂ ಇಲ್ಲ. ಬೆಳಕು ಆಕಾಶದಿಂದ ಚದುರಿಯೂ ಬರುತ್ತೆ, ಮರಳು, ಹಿಮದಿಂದ ಪುಟಿದೂ ಬರುತ್ತೆ. ಅದಕ್ಕೇ ಕೆಲವರು ಗಾಡಿಯ ಮೇಲೆ ತೆಳುಬಟ್ಟೆ ಇಳಿಬಿಡುತ್ತಾರೆ. ಇದು ನಿಜಕ್ಕೂ ಅಪಾಯ. 2014ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಬಿಸಿಲಿನಲ್ಲಿ ಪ್ರಾಮ್ ನಿಲ್ಲಿಸಿ ಪರೀಕ್ಷಿಸಿತು. ಬಟ್ಟೆಯಿಲ್ಲದಾಗ ಒಳಗೆ 22 ಡಿಗ್ರಿ. ತೆಳುಬಟ್ಟೆ ಮುಚ್ಚಿದ ಅರ್ಧ ಗಂಟೆಗೆ 34, ಒಂದು ಗಂಟೆಗೆ 37! ಗಾಳಿಯಾಡದೆ ಒಳಗೆಲ್ಲ ಬೇಯುತ್ತೆ, ಕೂಸಿಗೆ ನಮ್ಮಷ್ಟು ಬೆವರಿ ತಂಪಾಗಲೂ ಬರೋದಿಲ್ಲ. 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಇದನ್ನೇ ಅಚ್ಚುಕಟ್ಟಾಗಿ ಅಳೆದರು. ಒಣ ಮಸ್ಲಿನ್ ಬಟ್ಟೆ ಮುಚ್ಚಿದರೆ ಎರಡೂವರೆ ಡಿಗ್ರಿಗಿಂತ ಹೆಚ್ಚು ಶಾಖ ಏರಿತು. ಅದೇ ಬಟ್ಟೆಯನ್ನು ಒದ್ದೆ ಮಾಡಿ ಪುಟ್ಟ ಫ್ಯಾನ್ ಇಟ್ಟರೆ ಸುಮಾರು 5 ಡಿಗ್ರಿ ಇಳಿಯಿತು. ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವ ಉಪಾಯ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನಿಲ್ಲ :) (ಬಟ್ಟೆ ಆಗಾಗ ಒದ್ದೆ ಮಾಡುತ್ತಿರಬೇಕು, ಸೆಕೆಯ ಕರಾವಳಿಯಲ್ಲಿ ಇದರ ಫಲ ಕಡಿಮೆ.)

ಇಷ್ಟೆಲ್ಲ ಓದಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು. ಬಿಸಿಲು ಒಂದು ವಸ್ತು ಅಲ್ಲ, ಒಂದು ಕಟ್ಟು. ಅದರಲ್ಲಿ ಮೂಳೆ ಕಟ್ಟುವ ಮತ್ತು ಚರ್ಮ ಸುಡುವ ಅತಿನೇರಳೆ ಇದೆ, ಕಾಮಾಲೆ ಇಳಿಸುವ ನೀಲಿ ಇದೆ, ಬೇಯಿಸುವ ಶಾಖ ಇದೆ. ಪ್ರತಿ ತಲೆಮಾರೂ ಇದರಲ್ಲಿ ಒಂದನ್ನು ಮಾತ್ರ ನೋಡಿ ಹುಡ್ ಮೇಲೆ ಕೆಳಗೆ ಮಾಡಿತು. ಈ ಕಟ್ಟನ್ನು ಬಿಡಿಸಿದವರೂ ಇದ್ದಾರೆ. ನೈಜೀರಿಯಾದ ಲಾಗೋಸ್‌ನಲ್ಲಿ, ನೀಲಿ ದೀಪಕ್ಕೆ ಕರೆಂಟೇ ಭರವಸೆಯಿಲ್ಲದ ಕಡೆ, ಅತಿನೇರಳೆಯನ್ನೂ ಶಾಖವನ್ನೂ ತಡೆದು ನೀಲಿ ಬೆಳಕನ್ನು ಒಳಬಿಡುವ ಹಾಳೆಯಿಂದ ಚಪ್ಪರ ಹಾಕಿ, ಅದರ ಕೆಳಗೆ ಕಾಮಾಲೆಯ ಕೂಸುಗಳನ್ನು ಮಲಗಿಸಿದರು. ದೀಪದಷ್ಟೇ ಚೆನ್ನಾಗಿ ಕೆಲಸ ಮಾಡಿತು ಅಂತ 2015ರಲ್ಲಿ ಪ್ರಕಟವಾಯಿತು. ಸಿಸ್ಟರ್ ವಾರ್ಡ್ ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ನಿಮ್ಮ ಮನೆಗಳಲ್ಲಿ ಕೂಸನ್ನು ಬಿಸಿಲಿಗೆ ಹಿಡಿಯೋ ಪದ್ಧತಿ ಹೇಗಿತ್ತು? ಎಷ್ಟು ಹೊತ್ತಿಗೆ, ಯಾವ ತಿಂಗಳಿಂದ, ಯಾವ ಎಣ್ಣೆ ಹಚ್ಚಿ? ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದು ತಿಳಿಸಿ. ಇಂಥವನ್ನು ಬರೆದಿಡೋರು ಕಡಿಮೆ.